ಆರೋಗ್ಯವಾಗಿರುವಾಗಲೇ ವೈದ್ಯರನ್ನು ಹುಡುಕಿಕೊಳ್ಳಿ

ಪ್ರಶ್ನೆ: ನಾವು ಇತ್ತೀಚೆಗೆ ಬೆಂಗಳೂರು ಬಿಟ್ಟು ಮಂಗಳೂರಿಗೆ ಬಂದು, ಬಿಜೈಯಲ್ಲಿರುವ ಅತ್ತೆ-ಮಾವನ ಜೊತೆ ನೆಲೆಸಿದ್ದೇವೆ. ಈ ಮನೆಯವರನ್ನು ದಶಕಗಳಿಂದ ನೋಡಿಕೊಂಡಿದ್ದ ವೈದ್ಯರು ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚಿದ್ದಾರೆ. ಅತ್ತೆಗೆ 68 ವರ್ಷ. ಸಕ್ಕರೆ ಕಾಯಿಲೆಗೆ ಒಬ್ಬರು, ರಕ್ತದೊತ್ತಡಕ್ಕೆ ಒಬ್ಬರು, ಮಂಡಿನೋವಿಗೆ ಇನ್ನೊಬ್ಬರು ಎಂದು ಮೂರು ಆಸ್ಪತ್ರೆ ಸುತ್ತುತ್ತಾರೆ. 73ರ ಮಾವ ಎಲೆಅಡಿಕೆ, ಹೊಗೆಸೊಪ್ಪು ಬಿಟ್ಟಿಲ್ಲ. ವೈದ್ಯರ ಬಳಿ ಹೋಗುವ ಮಾತೇ ಇಲ್ಲ. ನನ್ನ ಪತಿಗೆ 44. ಕಚೇರಿಯ ತಪಾಸಣೆಯಲ್ಲಿ ಅವರ ಬರಿಹೊಟ್ಟೆಯ ಸಕ್ಕರೆ 112 ಬಂತು. ನನಗೆ 41, ಮಗಳಿಗೆ 12. ಇಡೀ ಮನೆಗೆ ಒಂದು ಆಸ್ಪತ್ರೆಯ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಮಾಡಿಸಿಬಿಡೋಣ ಎನ್ನುತ್ತಾರೆ ಪತಿ. ಪ್ಯಾಕೇಜ್ ಮೊದಲೋ, ಫ್ಯಾಮಿಲಿ ಡಾಕ್ಟರ್ ಮೊದಲೋ? ಒಳ್ಳೆಯವರನ್ನು ಗುರುತಿಸುವುದು ಹೇಗೆ?

ಉತ್ತರ: ವೈದ್ಯರು ಮೊದಲು. ಪ್ಯಾಕೇಜಿನ ಹಣವನ್ನು ಸದ್ಯಕ್ಕೆ ಹಾಗೆಯೇ ಇಡಿ. ನಿಮ್ಮ ಮನೆಗೆ ಬೇಕಾದ ಪರೀಕ್ಷೆಗಳು ಕೆಲವೇ, ಅವೂ ಐವರಿಗೆ ಬೇರೆ ಬೇರೆ. ಯಾರಿಗೆ ಯಾವುದು ಬೇಕೆಂದು ತೀರ್ಮಾನಿಸಿ, ವರದಿಯನ್ನು ಓದಿ, ಮುಂದಿನ ವರ್ಷ ಅದನ್ನು ಹಿಂದಿನದರ ಜೊತೆ ಹೋಲಿಸಿ ನೋಡುವವರು ಇಲ್ಲದಿದ್ದರೆ ಎಷ್ಟು ರಕ್ತ ಕೊಟ್ಟರೂ ಅದು ಕಪಾಟಿನಲ್ಲಿ ಇನ್ನೊಂದು ಫೈಲ್ ಆಗುತ್ತದೆ, ಅಷ್ಟೇ.

ನಿಮ್ಮ ಅತ್ತೆಯ ಸ್ಥಿತಿ ಈ ಊರಿನಲ್ಲಿ ಬಹಳ ಮನೆಗಳ ಸ್ಥಿತಿ. 1848ರಷ್ಟು ಹಳೆಯ ವೆನ್‌ಲಾಕ್, 1880ರಿಂದ ಇರುವ ಕಂಕನಾಡಿಯ ಫಾದರ್ ಮುಲ್ಲರ್, ಕಸ್ತೂರ್ಬಾ ವೈದ್ಯಕೀಯ ಕಾಲೇಜು, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು, ಅದೂ ಸಾಲದಿದ್ದರೆ ಬಸ್ ಹತ್ತಿದರೆ ಮಣಿಪಾಲ. ಇಷ್ಟು ತಜ್ಞರು ಇಷ್ಟು ಹತ್ತಿರ ಇರುವುದು ಕರಾವಳಿಯವರ ಭಾಗ್ಯ. ಆದರೆ ಇದರಿಂದಾಗಿ ಮಂಡಿ ನೋಯುತ್ತದೆಂದರೆ ಮೂಳೆ ತಜ್ಞರು, ತಲೆ ತಿರುಗಿತೆಂದರೆ ನರರೋಗ ತಜ್ಞರು, ಎದೆ ಉರಿಯಿತೆಂದರೆ ಹೃದ್ರೋಗ ತಜ್ಞರು ಎಂದು ರೋಗಿಯೇ ತನ್ನ ಕಾಯಿಲೆಯನ್ನು ನಿರ್ಧರಿಸಿಕೊಂಡು ಟೋಕನ್ ತೆಗೆದುಕೊಳ್ಳುವ ರೂಢಿ ಬೆಳೆದಿದೆ. ಪ್ರತಿಯೊಬ್ಬ ತಜ್ಞರೂ ತಮ್ಮ ಪಾಲಿನದನ್ನು ಸರಿಯಾಗಿಯೇ ನೋಡುತ್ತಾರೆ. ಮೂರೂ ಚೀಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡುವ ಕೆಲಸ ಮಾತ್ರ ಯಾರಿಗೂ ಸೇರಿರುವುದಿಲ್ಲ.

ಅದು ಎಷ್ಟು ಅಪಾಯಕಾರಿ ಎಂಬುದಕ್ಕೆ ನಿಮ್ಮ ಅತ್ತೆಯಂಥವರ ಮದ್ದಿನ ಡಬ್ಬಿಯೇ ಸಾಕ್ಷಿ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ಕೊಡುವುದು ತೀರಾ ಸಾಮಾನ್ಯ. ಮಂಡಿನೋವಿಗೆ ಅಸೆಕ್ಲೋಫೆನಾಕ್ ಅಥವಾ ಡೈಕ್ಲೋಫೆನಾಕ್ ಕೊಡುವುದೂ ಸಾಮಾನ್ಯ. ಒಂದೊಂದನ್ನೇ ನೋಡಿದರೆ ಯಾವುದೂ ತಪ್ಪಲ್ಲ. ಈ ಮೂರು ಬಗೆಯ ಮದ್ದುಗಳು ಒಂದೇ ದೇಹದಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವ ಅರವತ್ತು ದಾಟಿದವರ ದೇಹದಲ್ಲಿ ಸೇರಿದಾಗ ಮೂತ್ರಪಿಂಡಕ್ಕೆ ಹಠಾತ್ ಹಾನಿಯಾಗಬಹುದು. ಭೇದಿಯೋ ಜ್ವರವೋ ಬಂದು ದೇಹದ ನೀರು ಕಡಿಮೆಯಾದ ದಿನಗಳಲ್ಲಿ ಅಪಾಯ ಇನ್ನೂ ಹೆಚ್ಚು. ನೋವಿನ ಮಾತ್ರೆ ರಕ್ತದೊತ್ತಡವನ್ನೂ ಏರಿಸುತ್ತದೆ. ಹಾಗೆ ಏರಿದ್ದನ್ನು ಕಂಡ ಇನ್ನೊಬ್ಬರು ಬಿ.ಪಿ. ಮಾತ್ರೆಯನ್ನು ಹೆಚ್ಚಿಸುತ್ತಾರೆ. ಒಂದೇ ಮದ್ದನ್ನು ಎರಡು ಬ್ರ್ಯಾಂಡಿನ ಹೆಸರಿನಲ್ಲಿ ದಿನವೂ ನುಂಗುವವರೂ ಇದ್ದಾರೆ, ಏಕೆಂದರೆ ಎರಡು ಚೀಟಿಗಳಲ್ಲಿ ಎರಡು ಹೆಸರು.

ಆದ್ದರಿಂದ ಹೊಸ ವೈದ್ಯರ ಬಳಿ ಮೊದಲ ಭೇಟಿಗೆ ಅತ್ತೆಯ ಎಲ್ಲ ಮದ್ದುಗಳನ್ನೂ ಒಂದು ಚೀಲದಲ್ಲಿ ತುಂಬಿಸಿಕೊಂಡು ಹೋಗಿ. ಚೀಟಿ ಸಾಲದು, ಸ್ಟ್ರಿಪ್‌ಗಳೇ ಬೇಕು. ಅಂಗಡಿಯಿಂದ ತಾವಾಗಿಯೇ ತಂದ ಗ್ಯಾಸ್ಟ್ರಿಕ್ ಮಾತ್ರೆ, ನಿದ್ರೆಯ ಮಾತ್ರೆ, ಪಂಡಿತರು ಕೊಟ್ಟ ಚೂರ್ಣ, ಮನೆಯ ಕಷಾಯ, ಗಲ್ಫ್‌ನಲ್ಲಿರುವ ನೆಂಟರು ತಂದುಕೊಟ್ಟ ವಿಟಮಿನ್ ಡಬ್ಬಿ ಎಲ್ಲವೂ ಬರಲಿ. ಆ ಚೀಲವನ್ನು ಮೇಜಿನ ಮೇಲೆ ಸುರಿದಾಗ ವೈದ್ಯರು ಏನು ಮಾಡುತ್ತಾರೆ ಎಂದು ನೋಡಿ. ಒಂದೊಂದನ್ನೇ ಎತ್ತಿಕೊಂಡು ಇದು ಯಾಕೆ, ಯಾವಾಗಿನಿಂದ, ನಿಜವಾಗಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ನಿಮ್ಮ ಹುಡುಕಾಟ ಅರ್ಧ ಮುಗಿಯಿತೆಂದೇ ತಿಳಿಯಿರಿ. ಅಲ್ಲಿಯವರೆಗೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಇದ್ದರೆ ಅದೊಂದನ್ನು ಮಾತ್ರ ಇಂದೇ ದೂರವಿಡಿ.

ಇನ್ನು ವೈದ್ಯರನ್ನು ಆರಿಸುವ ವಿಷಯ. ಎಂ.ಬಿ.ಬಿ.ಎಸ್. ಮಾಡಿ ವರ್ಷಗಟ್ಟಲೆ ಸಾಮಾನ್ಯ ವೈದ್ಯರಾಗಿ ದುಡಿದವರಿರಬಹುದು, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಮಾಡಿದವರಿರಬಹುದು, ಜನರಲ್ ಮೆಡಿಸಿನ್ ಎಂ.ಡಿ. ಇರಬಹುದು, ಮೂವರೂ ನಡೆಯುತ್ತದೆ. ನೋಂದಣಿ ಇದೆಯೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲೂ ಚೀಟಿಯಲ್ಲೂ ಕಾಣಿಸಬೇಕೆಂಬುದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ರಾಜ್ಯದ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು; ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುತ್ತದೆ. ಇದನ್ನು ನೋಡಲು ಸಂಕೋಚಪಡಬೇಕಾಗಿಲ್ಲ.

ನನ್ನ ಅನುಭವದಲ್ಲಿ ಪದವಿಗಿಂತ ದೂರ ಹೆಚ್ಚು ಮುಖ್ಯ. ಅತ್ತೆ ಆಟೋದಲ್ಲಿ ಒಬ್ಬರೇ ಹೋಗಿ ಬರುವಷ್ಟು ಹತ್ತಿರವಿರಲಿ. ಜುಲೈ ತಿಂಗಳ ಮಳೆಯಲ್ಲಿ ಪಂಪ್‌ವೆಲ್ ದಾಟಿ ಹೋಗಬೇಕಾದ ಕ್ಲಿನಿಕ್‌ಗೆ ಯಾರೂ ಬಿ.ಪಿ. ನೋಡಿಸಲು ಹೋಗುವುದಿಲ್ಲ. ಎರಡನೆಯದು ಭಾಷೆ. ಅತ್ತೆ-ಮಾವ ಮನೆಯಲ್ಲಿ ತುಳುವಿನಲ್ಲಿ ಮಾತನಾಡುವವರಾದರೆ ತುಳು ಬಲ್ಲ ವೈದ್ಯರನ್ನೇ ಹುಡುಕಿ. ಕೊಂಕಣಿಯಾದರೆ ಕೊಂಕಣಿ, ಬ್ಯಾರಿಯಾದರೆ ಬ್ಯಾರಿ. ವಯಸ್ಸಾದವರು ಮೂತ್ರದ ತೊಂದರೆ, ಮಲಬದ್ಧತೆ, ಮನಸ್ಸಿನ ಬೇಸರ ಇವನ್ನೆಲ್ಲ ಕಲಿತ ಭಾಷೆಯಲ್ಲಿ ಹೇಳುವುದಿಲ್ಲ, ನುಂಗಿಕೊಳ್ಳುತ್ತಾರೆ. ಸೊಸೆ ಪಕ್ಕದಲ್ಲಿ ನಿಂತು ಅನುವಾದಿಸಬೇಕಾದರೆ ಅರ್ಧ ಮಾತು ಅಲ್ಲೇ ನಿಂತುಹೋಗುತ್ತದೆ. ಈ ಒಂದು ಕಾರಣಕ್ಕೆ ನಾನು ಹೆಚ್ಚು ಓದಿದವರನ್ನು ಬಿಟ್ಟು ಮನೆಮಾತು ಬಲ್ಲವರ ಬಳಿಗೆ ಹೋಗಿ ಎಂದು ಹೇಳಿದ್ದುಂಟು.

ಮೊದಲ ಎರಡು-ಮೂರು ಭೇಟಿಗಳಲ್ಲಿ ಗಮನಿಸಬೇಕಾದ್ದು ಇನ್ನೂ ಕೆಲವಿವೆ. ರಕ್ತದೊತ್ತಡವನ್ನು ಹೇಗೆ ಅಳೆಯುತ್ತಾರೆ? ಮೆಟ್ಟಿಲು ಹತ್ತಿ ಬಂದವರನ್ನು ಐದು ನಿಮಿಷ ಕೂರಿಸಿ, ಬೆನ್ನಿಗೆ ಆಧಾರ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಮಾತನಾಡದಂತೆ ಹೇಳಿ ಅಳೆಯಬೇಕು. ವಯಸ್ಸಾದವರನ್ನು ಒಮ್ಮೆ ನಿಲ್ಲಿಸಿಯೂ ನೋಡಬೇಕು. ನಿಂತಾಗ ಒತ್ತಡ ಇಳಿದು ಬೀಳುವವರು ಬಹಳ. ಇದಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು. ತಾಳ್ಮೆ ಇಲ್ಲಿ ಇಲ್ಲದಿದ್ದರೆ ಬೇರೆಲ್ಲೂ ಇರುವುದಿಲ್ಲ. ಶೀತಕ್ಕೆಲ್ಲ ಆಂಟಿಬಯೋಟಿಕ್, ಸುಸ್ತಿಗೆಲ್ಲ ಡ್ರಿಪ್, ಬಂದವರಿಗೆಲ್ಲ ಇಂಜೆಕ್ಷನ್ ಕೊಡುವವರಿಂದ ದೂರವಿರಿ, ಹೊರಗೆ ಎಷ್ಟೇ ಜನ ಕಾದಿರಲಿ. ಮದ್ದು ಬೇಡ, ಎರಡು ದಿನ ನೋಡೋಣ ಎನ್ನುವ ಧೈರ್ಯ ಇರುವವರನ್ನು ಬಿಡಬೇಡಿ. ತಜ್ಞರ ಬಳಿ ಕಳುಹಿಸುವಾಗ ಕಾಯಿಲೆಯ ವಿವರ, ತೆಗೆದುಕೊಳ್ಳುತ್ತಿರುವ ಮದ್ದು, ಕೇಳಬೇಕಾದ ಪ್ರಶ್ನೆ ಇರುವ ಪತ್ರ ಬರೆದುಕೊಡುತ್ತಾರೆಯೇ? ರಜೆಯಲ್ಲಿ ತಮ್ಮ ಬದಲು ಯಾರನ್ನು ನೋಡಬೇಕೆಂದು ಹೇಳುತ್ತಾರೆಯೇ? ಮದ್ದಿನ ಮೂಲ ಹೆಸರನ್ನು ಓದಲು ಬರುವಂತೆ ಬರೆಯುತ್ತಾರೆಯೇ? ಹಾಗೆ ಬರೆದುಕೊಟ್ಟರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಮೇಲೆ ಹೇಳಿದ ಎರಡು ಬ್ರ್ಯಾಂಡಿನ ಗೊಂದಲವೂ ತಪ್ಪುತ್ತದೆ.

ಖಾಸಗಿ ಕ್ಲಿನಿಕ್ ಹತ್ತಿರದಲ್ಲಿ ಸಿಗದಿದ್ದರೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಸರಕಾರದ 'ನಮ್ಮ ಕ್ಲಿನಿಕ್‌' ಅನ್ನೋ ಕಡೆಗಣಿಸಬೇಡಿ. 30 ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಇದೆ, ಹಣ ಕೊಡಬೇಕಾಗಿಲ್ಲ. ಅಲ್ಲಿ ವೈದ್ಯರು ಬದಲಾಗುವ ಸಾಧ್ಯತೆ ಇರುವುದರಿಂದ ದಾಖಲೆ ನಿಮ್ಮ ಕೈಯಲ್ಲೇ ಇರಲಿ.

ಪ್ಯಾಕೇಜನ್ನು ಯಾಕೆ ಬೇಡವೆಂದೆ ಎಂಬುದನ್ನು ನಿಮ್ಮ ಪತಿಗೆ ಲೆಕ್ಕದಲ್ಲೇ ಹೇಳಿ. ಪ್ರಯೋಗಾಲಯದ ಹಲವು ಪರೀಕ್ಷೆಗಳಲ್ಲಿ ಆರೋಗ್ಯವಂತರ ಪೈಕಿ 95% ಮಂದಿಯ ಫಲಿತಾಂಶ ಬೀಳುವ ಅಂತರವನ್ನೇ 'ನಾರ್ಮಲ್' ಎಂದು ಇಟ್ಟಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ನೂರು ಮಂದಿಯಲ್ಲಿ ಐವರ ವರದಿಯಲ್ಲಿ ದಪ್ಪ ಅಕ್ಷರ ಕಾಣುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ ಪೂರ್ತಿ ಆರೋಗ್ಯವಂತರಲ್ಲೂ ಕನಿಷ್ಠ ಒಂದಾದರೂ 'ಅಬ್‌ನಾರ್ಮಲ್' ಬರುವ ಸಾಧ್ಯತೆ ಸುಮಾರು 64%. ಪ್ಯಾಕೇಜುಗಳಲ್ಲಿ 60, 80 ಅಂಶಗಳಿರುತ್ತವೆ. ಆಮೇಲೆ ಆ ದಪ್ಪ ಅಕ್ಷರದ ಹಿಂದೆ ಸ್ಕ್ಯಾನ್, ಸ್ಕ್ಯಾನಿನಲ್ಲಿ ಕಂಡ ಚಿಕ್ಕ ಗಂಟಿನ ಹಿಂದೆ ಇನ್ನೊಂದು ಸ್ಕ್ಯಾನ್, ನಡುವೆ ನಿದ್ದೆಯಿಲ್ಲದ ರಾತ್ರಿಗಳು. ಸಿ.ಎ. 125, ಸಿ.ಇ.ಎ. ಮುಂತಾದ ಕ್ಯಾನ್ಸರ್ ಸೂಚಕಗಳನ್ನು ಪ್ಯಾಕೇಜಿಗೆ ಸೇರಿಸುವುದಂತೂ ನನಗೆ ಸಿಟ್ಟು ತರಿಸುತ್ತದೆ. ಲಕ್ಷಣವೇ ಇಲ್ಲದ, ಸಾಮಾನ್ಯ ಅಪಾಯದ ಜನರಲ್ಲಿ ಕ್ಯಾನ್ಸರ್ ಹುಡುಕಲು ಅವು ತಕ್ಕ ಪರೀಕ್ಷೆಗಳಲ್ಲ. ಇಷ್ಟೆಲ್ಲ ಮಾಡಿ, ಮಾವನ ಬಾಯಿಯೊಳಗೆ ಟಾರ್ಚ್ ಹಾಕಿ ನೋಡುವ ಒಂದು ನಿಮಿಷದ ಕೆಲಸ ಎಷ್ಟೋ ಪ್ಯಾಕೇಜುಗಳಲ್ಲಿ ಇರುವುದೇ ಇಲ್ಲ.

ಹಾಗಾದರೆ ಯಾರಿಗೆ ಏನು? ಅತ್ತೆಗೆ ಮೂರು ತಿಂಗಳಿನಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ. ವರ್ಷಕ್ಕೊಮ್ಮೆ ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಆಲ್ಬುಮಿನ್, ಜೊತೆಗೆ ಕೊಲೆಸ್ಟ್ರಾಲ್, ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲದ ಪರೀಕ್ಷೆ, ಪಾದಗಳ ಸ್ಪರ್ಶಜ್ಞಾನದ ಪರೀಕ್ಷೆ. ಸಕ್ಕರೆ ಎಷ್ಟೆಂದು ವಾರವಾರ ನೋಡುತ್ತಾ ಕಣ್ಣನ್ನು ಐದು ವರ್ಷ ತೋರಿಸದೇ ಇರುವವರು ಬಹಳ. ದೃಷ್ಟಿ ಮಂಜಾಗುವ ಹೊತ್ತಿಗೆ ಒಳಗೆ ಹಾನಿ ಆಗಿಬಿಟ್ಟಿರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಹಲವು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರೆ ವಿಟಮಿನ್ ಬಿ12 ಒಮ್ಮೆ ನೋಡಿಸಿ, ಆ ಮದ್ದು ಅದನ್ನು ಕುಗ್ಗಿಸಬಲ್ಲುದು. ಅವರ ವಯಸ್ಸಿಗೆ ಸಕ್ಕರೆಯನ್ನು ತೀರಾ ಕೆಳಗಿಳಿಸುವ ಹಟವೂ ಬೇಡ; ಬೆಳಿಗ್ಗೆ ಸಕ್ಕರೆ ಕುಸಿದು ಬಚ್ಚಲಿನಲ್ಲಿ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು. ಗುರಿ ಎಷ್ಟಿರಬೇಕೆಂದು ಅವರನ್ನು ಬಲ್ಲ ವೈದ್ಯರು ನಿರ್ಧರಿಸಲಿ. ಊಟದ ವಿಷಯದಲ್ಲಿ ಒಂದು ಮಾತು. ಕುಚ್ಚಲಕ್ಕಿಯಾದ್ದರಿಂದ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬಿಳಿ ಅಕ್ಕಿಗಿಂತ ಅದು ಒಳ್ಳೆಯದೇ, ಆದರೆ ಎರಡು ಬಟ್ಟಲು ಗಂಜಿ ಎರಡು ಬಟ್ಟಲು ಗಂಜಿಯೇ. ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ರಕ್ತದೊತ್ತಡದ ಲೆಕ್ಕಕ್ಕೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇಡೀ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ.

ನಿಮ್ಮ ಪತಿಯ 112 ಮಧುಮೇಹವಲ್ಲ, ಅದರ ಹೊಸ್ತಿಲು. ಬರಿಹೊಟ್ಟೆಯಲ್ಲಿ 126 ಮತ್ತು ಮೇಲಿದ್ದು, ಇನ್ನೊಂದು ಪರೀಕ್ಷೆಯಲ್ಲೂ ದೃಢಪಟ್ಟರೆ ಮಧುಮೇಹ. ಈ ಮನೆಯಲ್ಲಿ ಪರೀಕ್ಷೆಗಿಂತ ಪ್ರಯತ್ನದಿಂದ ಹೆಚ್ಚು ಲಾಭ ಪಡೆಯಬಲ್ಲವರು ಅವರೇ. ತಾಯಿಗೆ ಮಧುಮೇಹ ಇದೆ, ವಯಸ್ಸು 44, ಇನ್ನೂ ಸಮಯವಿದೆ. ಸೊಂಟದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಭಾರತೀಯರ ಮೇಲೆಯೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಹೊಸ್ತಿಲಲ್ಲಿದ್ದವರು ಬರೀ ಊಟ ಮತ್ತು ನಡಿಗೆ ಬದಲಿಸಿಕೊಂಡು ಮುಂದಿನ ಮೂರು ವರ್ಷಗಳಲ್ಲಿ ಮಧುಮೇಹದ ಅಪಾಯವನ್ನು ಸುಮಾರು 28% ತಗ್ಗಿಸಿಕೊಂಡರು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಸಾಕು. ಕದ್ರಿ ಪಾರ್ಕ್ ನಿಮಗೆ ಹತ್ತಿರವೇ ಇದೆ. ಮಳೆಗಾಲದಲ್ಲಿ ನಡಿಗೆ ನಿಂತುಹೋಗುವುದು ನಮ್ಮ ಕಡೆಯ ದೊಡ್ಡ ತೊಡಕು, ಆ ನಾಲ್ಕು ತಿಂಗಳಿಗೆ ಮನೆಯೊಳಗೆ ಏನು ಮಾಡುವುದೆಂದು ಮೇ ತಿಂಗಳಲ್ಲೇ ಯೋಚಿಸಿಟ್ಟುಕೊಳ್ಳಲಿ.

ನಿಮ್ಮ ಬಗ್ಗೆ ನೀವು ವಯಸ್ಸು ಬಿಟ್ಟು ಏನನ್ನೂ ಬರೆದಿಲ್ಲ. ಮನೆಯವರೆಲ್ಲರ ಫೈಲ್ ಹಿಡಿದುಕೊಂಡು ಓಡಾಡುವವರು ತಮ್ಮದನ್ನು ಮರೆಯುತ್ತಾರೆ. 30 ದಾಟಿದ ಹೆಂಗಸರಿಗೆ ಗರ್ಭಕಂಠದ ತಪಾಸಣೆ ಐದು ವರ್ಷಕ್ಕೊಮ್ಮೆ ಆಗಬೇಕು, ಈ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್.ಪಿ.ವಿ. ಪರೀಕ್ಷೆಯೋ, ಆರೋಗ್ಯ ಕೇಂದ್ರದಲ್ಲಿ ದ್ರಾವಣ ಹಚ್ಚಿ ನೋಡುವ ಸರಳ ವಿಧಾನವೋ, ಯಾವುದಾದರೂ ಸರಿ. ಒಮ್ಮೆಯೂ ಮಾಡಿಸಿಲ್ಲವಾದರೆ ಈ ತಿಂಗಳೇ ಮಾಡಿಸಿ. ಸ್ತನಗಳನ್ನು ವೈದ್ಯರು ಕೈಯಿಂದ ಪರೀಕ್ಷಿಸಲಿ. ತಾಯಿಗೋ ಅಕ್ಕ-ತಂಗಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ, ಮ್ಯಾಮೊಗ್ರಾಮ್ ಯಾವಾಗಿನಿಂದ ಎಂಬ ತೀರ್ಮಾನ ಅದರಿಂದ ಬದಲಾಗುತ್ತದೆ. ಮಗಳಿಗೆ 12 ಅಂದರೆ ಎಚ್.ಪಿ.ವಿ. ಲಸಿಕೆಗೆ ಸರಿಯಾದ ವಯಸ್ಸು. 9ರಿಂದ 14ರೊಳಗಾದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು, 15 ತುಂಬಿದ ಮೇಲೆ ಸಾಮಾನ್ಯವಾಗಿ ಮೂರು ಕೊಡುತ್ತಾರೆ. ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆ ಇದು. ಮದುವೆಯ ಹೊತ್ತಿಗೆ ನೋಡೋಣ ಎಂದು ಮುಂದೂಡಬೇಡಿ.

ಮಂಗಳೂರಿನಲ್ಲಿ ಮುನ್ನೆಚ್ಚರಿಕೆ ಎಂದರೆ ಜ್ವರದ ವಿಷಯವೂ ಸೇರುತ್ತದೆ. ಬೆಂಗಳೂರಿನಲ್ಲಿ ನೀವು ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿ ಮೂರು ದಿನ ಕಾದಿರಬಹುದು. ಇಲ್ಲಿ ಜ್ವರ ಬಂದ ದಿನವೇ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ಕೇಂದ್ರಗಳಲ್ಲಿ ಅದು ಉಚಿತ. ಇಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ವಾರಗಳೋ ತಿಂಗಳುಗಳೋ ಕಳೆದು ಮರಳುತ್ತದೆ. ಅದಕ್ಕಾಗಿಯೇ ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುವುದು. ಮೂರನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸುವವರಿಗೆ ಕಾಯಿಲೆ ಮತ್ತೆ ಬರುತ್ತದೆ. ಮಳೆಗಾಲದ ಜ್ವರದ ಜೊತೆ ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಇಲಿಜ್ವರದ ಅನುಮಾನ ಬರಬೇಕು. ಮನೆಯವರು ಗದ್ದೆಗೋ ತೋಟಕ್ಕೋ ಇಳಿಯುತ್ತಾರೆಂಬುದು ಗೊತ್ತಿರುವ ವೈದ್ಯರಿಗೆ ಆ ಅನುಮಾನ ಬೇಗ ಬರುತ್ತದೆ. ಅತ್ತೆ-ಮಾವ ಇಬ್ಬರಿಗೂ ಪ್ರತಿ ವರ್ಷ ಮಳೆಗೆ ಮುಂಚೆ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾ ತಡೆಯಲು ಕೊಡುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆ ಹೊಸ ವೈದ್ಯರೊಂದಿಗೆ ಮಾತನಾಡಿ.

ದಾಖಲೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ವೈದ್ಯರು ಊರಲ್ಲೇ ಇದ್ದರೆ ಅವರನ್ನು ಕಂಡು ಅತ್ತೆ-ಮಾವ ಇಬ್ಬರ ಬಗ್ಗೆಯೂ ಒಂದೊಂದು ಪುಟ ಬರೆಸಿಕೊಳ್ಳಿ: ಆದ ಕಾಯಿಲೆ, ಶಸ್ತ್ರಚಿಕಿತ್ಸೆ, ಅಲರ್ಜಿ, ಒಗ್ಗದ ಮದ್ದು. ಅವರಿಗೆ ನೆನಪಿರುವುದು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ 2002ರ ನಿಯಮ. ಮೂರು ವರ್ಷದ ಆಚೆಗಿನದು ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ. ಡಿಸ್ಚಾರ್ಜ್ ಸಾರಾಂಶಗಳ ಫೋಟೋ ತೆಗೆದು ಮೊಬೈಲಿನಲ್ಲಿ ಪ್ರತಿಯೊಬ್ಬರಿಗೂ ಒಂದು ಫೋಲ್ಡರ್ ಮಾಡಿ.

ಇನ್ನು ಮಾವ. ಅವರ ಪಾಲಿಗೆ ತುರ್ತಾದ ಪರೀಕ್ಷೆ ಬಾಯಿಯದು. ಹೊಗೆಸೊಪ್ಪಿನ ಮಾತು ಎಲ್ಲರಿಗೂ ಗೊತ್ತು. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕಾದ್ದು, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ರಕ್ತದೊತ್ತಡ, ಸಕ್ಕರೆ, ಕಣ್ಣಿನ ಪೊರೆ, ಕಿವಿ, ನಡೆಯುವಾಗ ತೂರಾಡುವಿಕೆ, ಇಷ್ಟನ್ನು ನೋಡಿದರೆ ಅವರ ಮೊದಲ ತಪಾಸಣೆ ಆದಂತೆ.

ಆದರೆ ನಿನ್ನನ್ನು ಪರೀಕ್ಷೆಗೆ ಕರೆದೊಯ್ಯುತ್ತೇವೆ ಎಂದರೆ ಅವರು ಬರುವುದಿಲ್ಲ. ಏನಾದರೂ ಕಂಡುಬಿಟ್ಟರೆ ಎಂಬ ಭಯ ಆ ತಲೆಮಾರಿನ ಗಂಡಸರಲ್ಲಿ ಬಹಳ ಆಳವಾಗಿದೆ, ಅದನ್ನು ಹಟವೆಂದು ತಿಳಿದು ಬೈಯಬೇಡಿ. ಅತ್ತೆಯ ಮದ್ದಿನ ಚೀಲ ಹಿಡಿದುಕೊಳ್ಳಲು ಜೊತೆಗೆ ಬನ್ನಿ ಎಂದು ಕರೆಯಿರಿ. ಹೆಂಡತಿಯ ಸಲುವಾಗಿ ಎಂದರೆ ಬರುತ್ತಾರೆ. ಯಾರೂ ಇಲ್ಲದ ಹೊತ್ತಿನಲ್ಲಿ, ಬೆಳಿಗ್ಗೆ ಕ್ಲಿನಿಕ್ ತೆರೆಯುತ್ತಲೇ ಹೋಗಿ. ಫೋನಿನಲ್ಲಿ ಮೊದಲೇ ವಿಷಯ ಹೇಳಿದ್ದರೆ ವೈದ್ಯರು ಅತ್ತೆಯ ಬಿ.ಪಿ. ನೋಡಿದ ಮೇಲೆ, ನೀವೂ ಕುಳಿತುಕೊಳ್ಳಿ ಎಂದು ಅವರ ತೋಳಿಗೂ ಪಟ್ಟಿ ಸುತ್ತುತ್ತಾರೆ, ಬಾಯಿ ತೆರೆಯಿರಿ ಎನ್ನುತ್ತಾರೆ. ಮೊದಲ ದಿನಕ್ಕೆ ಅಷ್ಟು ಸಾಕು. ಹೊಗೆಸೊಪ್ಪು ಬಿಡುವ ಮಾತನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಿ, ಅದನ್ನೂ ವೈದ್ಯರೇ ಎತ್ತಲಿ. ಬಿಡುತ್ತೇನೆಂದು ಅವರು ಒಪ್ಪಿದ ದಿನ, ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ನೀವೇ ಕರೆ ಮಾಡಿ ಫೋನನ್ನು ಅವರ ಕೈಗೆ ಕೊಡಿ.